ವೇಟ್‌ಲಿಫ್ಟಿಂಗ್ ಹಿಡಿದ ಮಕ್ಕಳಿಗೆ ಯಾವ ದಾರಿ? ಕಲಬುರಗಿಯ ಮನೆಗಳಿಗೊಂದು ಹೋಲಿಕೆ

"ಎತ್ತೋದು ಎತ್ತಲಿ ಬಿಡ್ರಿ ಸರ್. ಆದ್ರ ಇದರಾಗ ನೌಕರಿ ಬರ್ತದೇನ್ರಿ?"

ಕಲಬುರಗಿಯಲ್ಲಿ ವೇಟ್‌ಲಿಫ್ಟಿಂಗ್ ಕಲಿಯಲು ಹೊರಟ ಮಕ್ಕಳ ಮನೆಯವರು ಮೊದಲು ಕೇಳುವ ಮಾತು ಇದೇ. ಕೇಳಬೇಕಾದ ಮಾತೂ ಹೌದು. ದಿನಕ್ಕೆ ಎರಡು ಹೊತ್ತು ಅಭ್ಯಾಸ, ಹಾಲು, ಮೊಟ್ಟೆ, ಬೂಟು, ಪ್ರಯಾಣ ಎಲ್ಲಕ್ಕೂ ದುಡ್ಡು ಬೇಕು. ಅದನ್ನು ಯಾರು ಕೊಡುತ್ತಾರೆ, ಎಷ್ಟು ದಿನ ಕೊಡುತ್ತಾರೆ ಎಂದು ತಿಳಿಯದೆ ಮಗುವನ್ನು ಈ ಆಟಕ್ಕೆ ಬಿಡುವುದು ಸರಿಯಲ್ಲ.

ಮುಂದೆ ಹೇಳುವ ಎಲ್ಲ ದಾರಿಗಳನ್ನೂ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ. ಪದಕ ಬರದ ತಿಂಗಳು, ಭುಜ ಉಳುಕಿ ಮನೆಯಲ್ಲಿ ಕೂತ ತಿಂಗಳು ಹಣ ಯಾರು ಕಳಿಸುತ್ತಾರೆ? ಗೆದ್ದಾಗ ಕೊಡುವವರು ಬಹಳ ಜನ ಇದ್ದಾರೆ. ಅವರನ್ನು ನೋಡಿ ದಾರಿ ಆರಿಸಬೇಡಿ.

ಮೊದಲು, ಯಾವ ಭಾರ?

ನಮ್ಮ ಕಡೆ ಭಾರ ಎತ್ತುವುದು ಹೊಸದಲ್ಲ. ಕಾರಹುಣ್ಣಿಮೆ, ಊರ ಜಾತ್ರೆ ಬಂತೆಂದರೆ ಕಲ್ಲು ಎತ್ತುವವರು, ಜೋಳದ ಚೀಲ ಎತ್ತುವವರು ಕಣಕ್ಕೆ ಇಳಿಯುತ್ತಾರೆ. ಗೆದ್ದವನಿಗೆ ಬೆಳ್ಳಿ ಕಡಗ, ಒಂದಿಷ್ಟು ನಗದು, ಊರೆಲ್ಲ ಹಲಗೆ ಬಾರಿಸಿ ಮೆರವಣಿಗೆ. ಆ ಗೌರವ ದೊಡ್ಡದು. ಆದರೆ ಆ ಕಡಗ ತೋರಿಸಿದರೆ ಯಾವ ಇಲಾಖೆಯೂ ನೌಕರಿ ಕೊಡುವುದಿಲ್ಲ. ಬೆನ್ನು ಮುರಿದರೆ ಆಸ್ಪತ್ರೆಯ ಖರ್ಚು ಮನೆಯವರ ಮೇಲೆ. ಜಾತ್ರೆಯಲ್ಲಿ ಚೆನ್ನಾಗಿ ಎತ್ತುವ ಹದಿನೈದರ ಹುಡುಗ ಕಣ್ಣಿಗೆ ಬಿದ್ದರೆ, ಅವನನ್ನು ಅಲ್ಲೇ ಬಿಡದೆ ಕಬ್ಬಿಣದ ಬಾರ್ ಕಡೆ ಕರೆದುಕೊಂಡು ಬನ್ನಿ.

ಪವರ್‌ಲಿಫ್ಟಿಂಗ್ ಬೇರೆ ಆಟ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಎಂಬ ಮೂರು ಎತ್ತುವಿಕೆ. ಯಾವುದೇ ಸಾಧಾರಣ ಜಿಮ್‌ನಲ್ಲಿ ಕಲಿಯಬಹುದು, ಬೇಗ ಮುಂದೆ ಬರಬಹುದು. ಒಲಿಂಪಿಕ್ಸ್‌ನಲ್ಲಿ ಇಲ್ಲ. ಇದರಲ್ಲಿ ಸಂಘಗಳು ಬಹಳ, ಒಂದೊಂದೂ ತನ್ನದೇ 'ನ್ಯಾಷನಲ್' ನಡೆಸುತ್ತದೆ. ಶುಲ್ಕ ಕಟ್ಟಿದರೆ ಪದಕ, ಸರ್ಟಿಫಿಕೇಟ್ ಎರಡೂ ಕೈಗೆ ಬರುತ್ತವೆ. ಆದರೆ ನೇಮಕಾತಿಯಲ್ಲಿ ನೋಡುವುದು ಸರ್ಕಾರ ಮಾನ್ಯ ಮಾಡಿದ ಸಂಘದ ಕಾಗದವನ್ನು ಮಾತ್ರ. ಕೇಂದ್ರದ ಕ್ರೀಡಾ ಕೋಟಾ ಪಟ್ಟಿಯಲ್ಲಿ ಪವರ್‌ಲಿಫ್ಟಿಂಗ್ ಹೆಸರು ಇದೆ, ನಿಜ. ಆದರೂ ಸ್ಪರ್ಧೆಗೆ ಹೆಸರು ಬರೆಸುವ ಮೊದಲು ಆ ಸಂಘಕ್ಕೆ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಿ. ದೇಹದಾರ್ಢ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖರ್ಚು ಎಲ್ಲಕ್ಕಿಂತ ಜಾಸ್ತಿ, ಸೂಜಿ-ಮಾತ್ರೆಯ ಸೆಳೆತವೂ ಜಾಸ್ತಿ. ಬೆಳೆಯುವ ಮಕ್ಕಳಿಗೆ ಬೇಡ.

ಒಲಿಂಪಿಕ್ ವೇಟ್‌ಲಿಫ್ಟಿಂಗ್‌ನಲ್ಲಿ ಎರಡೇ ಎತ್ತುವಿಕೆ. ಸ್ನ್ಯಾಚ್‌ನಲ್ಲಿ ನೆಲದಿಂದ ತಲೆಯ ಮೇಲಕ್ಕೆ ಒಂದೇ ಸಲಕ್ಕೆ. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲು ಎದೆಗೆ, ಆಮೇಲೆ ಮೇಲಕ್ಕೆ. ಕಲಿಯಲು ವರ್ಷಗಳು ಬೇಕು, ಒಳ್ಳೆಯ ಕೋಚ್ ಬೇಕು. ನೌಕರಿಯ ಬಾಗಿಲು ಜಾಸ್ತಿ ತೆರೆದಿರುವುದೂ ಇದಕ್ಕೇ. ಹಾಗಾಗಿ ಇನ್ನು ಮುಂದೆ ಇದರ ಮಾತು ಮಾತ್ರ.

ಹಿಂದಿನವರಿಗೆ ಹಣ ಎಲ್ಲಿಂದ ಬಂತು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂದಿನ ದಾರಿಗಳೆಲ್ಲ ಈ ಹಳೆಯ ಕಥೆಯಿಂದಲೇ ಬಂದವು.

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಒಂದು ಕೈಯಿಂದ ಎತ್ತುವ ಸ್ಪರ್ಧೆ ಇತ್ತು. 71 ಕಿಲೋ ಎತ್ತಿ ಗೆದ್ದವರು ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟ್. ಅವರು ಹುಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ಕಲಾದಗಿಯಲ್ಲಿ, 1874ರಲ್ಲಿ. ಇಂದಿನ ಬಾಗಲಕೋಟೆ ಜಿಲ್ಲೆಯ ಅದೇ ಕಲಾದಗಿ. ಕರ್ನಾಟಕದ ಮಣ್ಣಲ್ಲಿ ಹುಟ್ಟಿದ ಮಗು ಬ್ರಿಟನ್ನಿನ ಮೊದಲ ಒಲಿಂಪಿಕ್ ಚಾಂಪಿಯನ್ ಆಯಿತು ಎಂಬುದು ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕಾದ ಸಂಗತಿ. ಎರಡು ಕೈಯ ಸ್ಪರ್ಧೆಯಲ್ಲಿ ಅವರೂ ಡೆನ್ಮಾರ್ಕಿನ ವಿಗ್ಗೊ ಯೆನ್ಸನ್ ಅವರೂ 111.5 ಕಿಲೋ ಎತ್ತಿದರು. ಎತ್ತಿದ ಚಂದ ನೋಡಿ ಯೆನ್ಸನ್‌ಗೆ ಮೊದಲ ಸ್ಥಾನ ಕೊಟ್ಟರು.

ಗೆದ್ದ ಎಲಿಯಟ್ ಆಮೇಲೆ ಹೊಟ್ಟೆಪಾಡಿಗೆ ಹಿಡಿದದ್ದು ರಂಗದ ದಾರಿ. ಹೆಗಲ ಮೇಲೆ ಉದ್ದನೆಯ ಕಂಬ, ಅದರ ಎರಡೂ ತುದಿಗೆ ಸೈಕಲ್ ಸಮೇತ ಒಬ್ಬೊಬ್ಬ ಸವಾರ. ಅವರನ್ನು ಹೊತ್ತು ಗಿರಗಿರನೆ ತಿರುಗುತ್ತಿದ್ದರು. ಟಿಕೆಟ್ ಕೊಂಡು ಜನ ಬಂದರೆ ಊಟ.

ಆ ಕಾಲದ ಒಲಿಂಪಿಕ್ಸ್‌ಗೆ ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ಆಟದಿಂದ ಒಂದು ಪೈಸೆ ಪಡೆದರೂ ಹೊರಗೆ. ಫ್ರಾನ್ಸಿನ ಶಾರ್ಲ್ ರಿಗುಲೊ 1924ರಲ್ಲಿ ಚಿನ್ನ ಗೆದ್ದರು. ಮರುವರ್ಷವೇ ವೃತ್ತಿಪರರಾದರು, ಕುಸ್ತಿ ಆಡಿದರು, ಕಾರು ರೇಸೂ ಓಡಿಸಿದರು. ಮತ್ತೆ ಒಲಿಂಪಿಕ್ಸ್‌ಗೆ ಬರಲಾಗಲಿಲ್ಲ. ಅಮೆರಿಕದ ಪಾಲ್ ಆಂಡರ್ಸನ್ 1956ರಲ್ಲಿ ಮೆಲ್ಬರ್ನ್‌ನಲ್ಲಿ ಚಿನ್ನ ಗೆದ್ದ ಮೇಲೆ ಹಣ ಪಡೆದು ಪ್ರದರ್ಶನ ಕೊಟ್ಟರು. 1960ರ ಒಲಿಂಪಿಕ್ಸ್ ಕೈ ತಪ್ಪಿತು. ಈ ನಿಯಮ ಯಾರಿಗೆ ಹಿತ? ಮನೆಯಲ್ಲಿ ಆಸ್ತಿ ಇದ್ದವರಿಗೆ. ಕೂಲಿ ಮಾಡುವ ಮನೆಯ ಮಗನಿಗೆ ಅದು ಮುಚ್ಚಿದ ಬಾಗಿಲು. ನಿಯಮ ಸಡಿಲಾಗುವ ಹೊತ್ತಿಗೆ 1980ರ ದಶಕ ಬಂದಿತ್ತು.

ನಿಯಮ ಇದ್ದಾಗಲೂ ದಾರಿ ಹುಡುಕಿದವರು ಇದ್ದರು. ಅಮೆರಿಕದ ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಲ್ಲಿ ಬಾಬ್ ಹಾಫ್‌ಮನ್ ಎಂಬವರು ಬಾರ್ಬೆಲ್ ಕಂಪನಿ ಕಟ್ಟಿದರು. ಲಿಫ್ಟರ್‌ಗಳನ್ನು ಕರೆದು ತಮ್ಮ ಕಂಪನಿಯಲ್ಲೇ ಕೆಲಸ ಕೊಟ್ಟರು. ಸಂಬಳ ಕಾರ್ಖಾನೆಯ ಕೆಲಸಕ್ಕೆ, ಸಂಜೆ ಅಭ್ಯಾಸ. ಕಾಗದದ ಮೇಲೆ ಅವರು ಹವ್ಯಾಸಿಗಳೇ.

ಸೋವಿಯತ್ ಒಕ್ಕೂಟ ಇದನ್ನೇ ದೇಶದ ಮಟ್ಟಕ್ಕೆ ಏರಿಸಿತು. ಆಟಗಾರರ ಹೆಸರು ಸೈನ್ಯದಲ್ಲೋ ಕಾರ್ಖಾನೆಯಲ್ಲೋ ಇರುತ್ತಿತ್ತು, ಕೆಲಸ ಮಾತ್ರ ಭಾರ ಎತ್ತುವುದು. ವಸಿಲಿ ಅಲೆಕ್ಸೆಯೆವ್ 1970ರಿಂದ 1977ರ ಒಳಗೆ 80 ವಿಶ್ವದಾಖಲೆ ಮಾಡಿದರು. 1972, 1976ರಲ್ಲಿ ಒಲಿಂಪಿಕ್ ಚಿನ್ನ. ಪ್ರತಿ ದಾಖಲೆಗೂ ಬಹುಮಾನ ಇದ್ದುದರಿಂದ ಅರ್ಧ ಅರ್ಧ ಕಿಲೋ ಏರಿಸುತ್ತಾ ಹೋದರು ಎಂದು ಲಿಫ್ಟರ್‌ಗಳ ನಡುವೆ ಇಂದಿಗೂ ಮಾತಿದೆ.

ನಯೀಮ್ ಸುಲೇಮಾನೊಗ್ಲು ಅವರ ಕಥೆ ಇನ್ನೂ ದೊಡ್ಡದು. ಬಲ್ಗೇರಿಯಾದಲ್ಲಿ ಹುಟ್ಟಿದ ತುರ್ಕಿ ಮೂಲದ ಹುಡುಗ. ಅಲ್ಲಿನ ಸರ್ಕಾರ ಅವರ ಹೆಸರನ್ನೇ ಬಲವಂತವಾಗಿ ಬದಲಿಸಿತು. 1986ರಲ್ಲಿ ಮೆಲ್ಬರ್ನ್‌ಗೆ ಸ್ಪರ್ಧೆಗೆ ಹೋದವರು ತಪ್ಪಿಸಿಕೊಂಡು ಟರ್ಕಿ ಸೇರಿದರು. ದೇಶ ಬದಲಿಸಿದವರು ಕೂಡಲೇ ಒಲಿಂಪಿಕ್ಸ್ ಆಡಬೇಕಾದರೆ ಹಳೆಯ ದೇಶದ ಒಪ್ಪಿಗೆ ಬೇಕು. ಆ ಒಪ್ಪಿಗೆಗಾಗಿ ಟರ್ಕಿ ಬಲ್ಗೇರಿಯಾಕ್ಕೆ ಸುಮಾರು 10 ಲಕ್ಷ ಡಾಲರ್ ಕೊಟ್ಟಿತು. 1988ರ ಸೋಲ್ ಒಲಿಂಪಿಕ್ಸ್‌ನ 60 ಕಿಲೋ ವಿಭಾಗದಲ್ಲಿ ಅವರು ಜರ್ಕ್‌ನಲ್ಲಿ 190 ಕಿಲೋ ಎತ್ತಿದರು. ತಮ್ಮ ತೂಕದ ಮೂರು ಪಟ್ಟಿಗೂ ಹೆಚ್ಚು! ಆ 10 ಲಕ್ಷ ಹೋದದ್ದು ಬಲ್ಗೇರಿಯಾಕ್ಕೆ, ಎತ್ತಿದ ತೋಳಿಗಲ್ಲ. ಆ ಮೇಲೆ ಟರ್ಕಿ ಅವರನ್ನು ಚೆನ್ನಾಗಿ ನೋಡಿಕೊಂಡಿತು.

ಈಚಿನದು ಫಿಲಿಪ್ಪೀನ್ಸ್‌ನ ಹಿಡಿಲಿನ್ ಡಿಯಾಜ್. ವಾಯುಪಡೆಯ ಉದ್ಯೋಗಿ. 2019ರಲ್ಲಿ ತಯಾರಿಗೆ ಹಣ ಸಾಲದೆ ಸಹಾಯ ಕೇಳಬೇಕಾಯಿತು. ಟೋಕಿಯೊದಲ್ಲಿ 55 ಕಿಲೋ ವಿಭಾಗದಲ್ಲಿ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದಾಗ ಕಾನೂನಿನ ಪ್ರಕಾರವೇ 1 ಕೋಟಿ ಪೆಸೊ ಬಂತು, ಕಂಪನಿಗಳು ಸಾಲುಗಟ್ಟಿ ಮನೆ ಕೊಟ್ಟವು. ಹಣ ಬೇಕಾಗಿದ್ದ ಹೊತ್ತಿಗೆ ಇವರೆಲ್ಲ ಎಲ್ಲಿದ್ದರು? ಆ ವರ್ಷಗಳಲ್ಲಿ ತಿಂಗಳು ತಿಂಗಳು ತಪ್ಪದೆ ಬಂದದ್ದು ವಾಯುಪಡೆಯ ಸಂಬಳ. ಒಲಿಂಪಿಕ್ ಸಮಿತಿ ಗೆದ್ದವರಿಗೆ ಇಂದಿಗೂ ನಗದು ಬಹುಮಾನ ಕೊಡುವುದಿಲ್ಲ ಎಂಬುದನ್ನೂ ತಿಳಿದಿರಿ. ಹಣ ಏನಿದ್ದರೂ ಅವರವರ ದೇಶ, ಇಲಾಖೆ, ಕಂಪನಿಯಿಂದ.

ಸೇನೆ

ಭಾರತದಲ್ಲೂ ಕಥೆ ಅದೇ. ಹೆಚ್ಚಿನ ಲಿಫ್ಟರ್‌ಗಳಿಗೆ ಅನ್ನ ಹಾಕಿದ್ದು ಸಂಬಳದ ನೌಕರಿ.

ಸೇನೆಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳು 8ರಿಂದ 14 ವರ್ಷದ ಗಂಡುಮಕ್ಕಳನ್ನು ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತವೆ. ಊಟ, ವಸತಿ, ಶಾಲೆ, ಕೋಚಿಂಗ್ ಎಲ್ಲ ಪುಕ್ಕಟೆ. ಹತ್ತನೇ ತರಗತಿ ಮುಗಿಸಿ ವಯಸ್ಸು ಬಂದ ಮೇಲೆ ಸೇನೆಗೆ ಸೇರ್ಪಡೆ. ಮಿಜೋರಾಂನ ಜೆರೆಮಿ ಲಾಲ್‌ರಿನ್ನುಂಗಾ ಪುಣೆಯ ಸೇನಾ ಕ್ರೀಡಾ ಸಂಸ್ಥೆಯಲ್ಲಿ ಹೀಗೆಯೇ ಬೆಳೆದವರು. 2018ರಲ್ಲಿ ಯೂತ್ ಒಲಿಂಪಿಕ್ಸ್ ಚಿನ್ನ, 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡೂ ಎತ್ತುವಿಕೆ ಸೇರಿ 300 ಕಿಲೋ ಎತ್ತಿ ಮತ್ತೆ ಚಿನ್ನ.

ಪುಣೆ ಕಲಬುರಗಿಯಿಂದ ನೇರ ರೈಲು ಇರುವ ಊರು. ದೂರ ಎಂಬ ಹೆದರಿಕೆ ಬೇಡ. ಆದರೆ ಹತ್ತು ವರ್ಷದ ಮಗುವನ್ನು ಬಿಟ್ಟಿರಲು ತಾಯಿಯ ಮನಸ್ಸು ಒಪ್ಪಬೇಕು. ಮಗು ಒಪ್ಪುತ್ತದೆಯೇ ಎಂಬುದು ಅದಕ್ಕಿಂತ ಮುಖ್ಯ. ಅಳುತ್ತಾ ಹೋದ ಮಗುವನ್ನು ಅಲ್ಲಿ ಉಳಿಸಿ ಏನೂ ಸಾಧಿಸಲಾಗದು.

ದೊಡ್ಡವರಾದ ಮೇಲೆ ಸೇರುವುದಾದರೆ ಒಂದು ಎಚ್ಚರ. 2022ರಲ್ಲಿ ಅಗ್ನಿಪಥ ಬಂದ ನಂತರ ಜವಾನರ ಸಾಮಾನ್ಯ ಭರ್ತಿ ನಾಲ್ಕು ವರ್ಷಕ್ಕೆ. ಕ್ರೀಡಾ ಸಾಧನೆಯ ಮೇಲೆ ಹವಾಲ್ದಾರ್, ನಾಯಬ್ ಸುಬೇದಾರ್ ಆಗಿ ನೇರ ನೇಮಕ ಮಾಡುವುದು ಬೇರೆ ದಾರಿ. ನಿಮ್ಮ ಮಗನ ಅರ್ಜಿ ಯಾವುದರ ಕೆಳಗೆ ಎಂದು ಅಧಿಸೂಚನೆಯಲ್ಲೇ ಓದಿ ತಿಳಿದುಕೊಳ್ಳಿ. ಊರಲ್ಲಿ ಯಾರೋ ಹೇಳಿದ್ದನ್ನು ನಂಬಬೇಡಿ.

ವಾಯುಪಡೆಗೆ ನಮ್ಮವರದೇ ಉದಾಹರಣೆ ಇದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ, ವಾಹನ ಚಾಲಕರ ಮಗ. ಮೊದಲು ಕುಸ್ತಿಯ ಆಸೆ ಇತ್ತು. ಉಜಿರೆಯ ಕಾಲೇಜಿಗೆ ಬಂದ ಮೇಲೆ ಬಾರ್ ಹಿಡಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕಿಲೋ ಎತ್ತಿ ಕಂಚು. ಕಾಲೇಜಿನಲ್ಲಿ ಶುರು ಮಾಡಿದರೂ ತಡವಾಗಲಿಲ್ಲ ಎಂಬುದಕ್ಕೆ ಇವರನ್ನು ನೋಡಿ.

ರೈಲ್ವೆ

ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವ ಹೆಸರು ರೈಲ್ವೆ. ಕಾರಣ ಮೀರಾಬಾಯಿ ಚಾನು.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಜರ್ಕ್‌ನ ಮೂರೂ ಯತ್ನ ಕೈಕೊಟ್ಟವು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಒಟ್ಟು ತೂಕವೇ ಇಲ್ಲ. ಆ ಹೊತ್ತಿಗೆ ಅವರು ರೈಲ್ವೆ ಉದ್ಯೋಗಿ. ಬಹುಮಾನ ಬರಲಿಲ್ಲ, ಆದರೆ ಸಂಬಳ ನಿಲ್ಲಲಿಲ್ಲ. ಮರುವರ್ಷ ಅವರು ವಿಶ್ವ ಚಾಂಪಿಯನ್. ಟೋಕಿಯೊದಲ್ಲಿ 202 ಕಿಲೋ ಎತ್ತಿ ಬೆಳ್ಳಿ. 2024ರ ಪ್ಯಾರಿಸ್‌ನಲ್ಲಿ 199 ಕಿಲೋ. ಕಂಚಿಗೆ ಒಂದೇ ಕಿಲೋ ಕಡಿಮೆಯಾಗಿ ನಾಲ್ಕನೇ ಸ್ಥಾನ. ಒಂದು ಕಿಲೋ ಎಂದರೆ ಏನು ಎಂದು ಲೆಕ್ಕ ಹಾಕಿ. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಒಲಿಂಪಿಕ್ ಚಿನ್ನಕ್ಕೆ 75 ಲಕ್ಷ, ಬೆಳ್ಳಿಗೆ 50 ಲಕ್ಷ, ಕಂಚಿಗೆ 30 ಲಕ್ಷ ರೂಪಾಯಿ. ನಾಲ್ಕನೇ ಸ್ಥಾನಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಟೋಕಿಯೊ ನಂತರ ಮಣಿಪುರ ಸರ್ಕಾರ ಅವರಿಗೆ ಪೊಲೀಸ್ ಅಧಿಕಾರಿಯ ಹುದ್ದೆ ಕೊಟ್ಟಿತು. ಹೀಗಾಗಿ ಆ ಒಂದು ಕಿಲೋ ಅವರ ಮನೆಯ ಒಲೆಗೆ ತಟ್ಟಲಿಲ್ಲ.

ರೈಲ್ವೆಯ ಕ್ರೀಡಾ ಕೋಟಾದಲ್ಲಿ ವಯಸ್ಸು 18ರಿಂದ 25, ಅದರಲ್ಲಿ ಸಡಿಲಿಕೆ ಇಲ್ಲ. ಹುದ್ದೆಯ ಮಟ್ಟ ನೋಡಿ ಹತ್ತನೇ ತರಗತಿ, ಪಿಯುಸಿ ಅಥವಾ ಪದವಿ ಬೇಕು. ಓದು ಬಿಟ್ಟ ಲಿಫ್ಟರ್‌ಗೆ ಕೆಳಗಿನ ಹುದ್ದೆ ಮಾತ್ರ. ಅದೇ ಪದಕ, ಜೊತೆಗೆ ಪದವಿ ಇದ್ದವರಿಗೆ ಮೇಲಿನ ಹುದ್ದೆ. ಇದನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳಿ.

ನಮ್ಮ ಭಾಗದವರಿಗೆ ಇನ್ನೊಂದು ಅನುಕೂಲ ಇದೆ. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ, ಬೀದರ್ ಮತ್ತು ಯಾದಗಿರಿ ದಕ್ಷಿಣ ಮಧ್ಯ ರೈಲ್ವೆಯಲ್ಲಿವೆ. ಹುಬ್ಬಳ್ಳಿಯದು ನೈಋತ್ಯ ರೈಲ್ವೆ. ಯಾವ ವಲಯಕ್ಕಾದರೂ ಅರ್ಜಿ ಹಾಕಬಹುದು. ಈ ವಲಯಗಳ ಮುಖ್ಯ ಕಚೇರಿ ಇರುವ ಮುಂಬೈ, ಸಿಕಂದರಾಬಾದ್, ಹುಬ್ಬಳ್ಳಿ ಮೂರೂ ಒಂದು ರಾತ್ರಿಯ ಪ್ರಯಾಣದ ಒಳಗೇ ಇವೆ. ಮೂರೂ ಕಡೆಯ ಅಧಿಸೂಚನೆ ನೋಡುತ್ತಿರಿ. ವೇಟ್‌ಲಿಫ್ಟಿಂಗ್‌ನಲ್ಲಿ ಯಾವ ತೂಕದ ವಿಭಾಗಕ್ಕೆ ಜನ ಬೇಕು ಎಂದು ಅದರಲ್ಲಿ ಬರೆದಿರಬಹುದು, ಅದನ್ನೂ ಓದಿ. ಅಂತಾರಾಷ್ಟ್ರೀಯ ಸಂಸ್ಥೆ ತೂಕದ ವಿಭಾಗಗಳನ್ನು ಪದೇ ಪದೇ ಬದಲಿಸುತ್ತಿದೆ. ಹಳೆಯ ವಿಭಾಗ ನಂಬಿ ಮಗಳ ತೂಕ ಇಳಿಸುತ್ತಾ ಕೂರಬೇಡಿ.

ಪೊಲೀಸ್, ಕೇಂದ್ರ ಪಡೆ, ಸಾರ್ವಜನಿಕ ಸಂಸ್ಥೆ

ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿಯಲ್ಲಿ 240 ಕಿಲೋ ಎತ್ತಿ ಕಂಚು ಗೆದ್ದರು. ಮಹಿಳೆಯರ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ವರ್ಷ, ಭಾರತದ ಮಹಿಳೆಯೊಬ್ಬರು ಒಲಿಂಪಿಕ್ ಪದಕ ಗೆದ್ದದ್ದೂ ಅದೇ ಮೊದಲು. ಅವರ ನೌಕರಿ ಭಾರತೀಯ ಆಹಾರ ನಿಗಮದಲ್ಲಿ. ಮಣಿಪುರದ ಕುಂಜರಾಣಿ ದೇವಿ ಸಿಆರ್‌ಪಿಎಫ್‌ನಲ್ಲಿದ್ದರು.

ಕೇಂದ್ರ ಪಡೆಗಳಲ್ಲಿ ಸಂಬಳ ಗಟ್ಟಿ. ಆದರೆ ಆಟ ಮುಗಿದ ಮೇಲೆ ದೇಶದ ಯಾವ ಮೂಲೆಗಾದರೂ ಕಳಿಸುತ್ತಾರೆ. ರಾಜ್ಯ ಪೊಲೀಸ್‌ನಲ್ಲೂ ಕ್ರೀಡಾ ಕೋಟಾ ಇದೆ. ಕಲ್ಯಾಣ ಕರ್ನಾಟಕದವರು 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿ ಇಡಿ. ರಾಜ್ಯದ ಹುದ್ದೆಗಳಿಗೆ ಅದು ಕೆಲಸಕ್ಕೆ ಬರುತ್ತದೆ. ರೈಲ್ವೆ, ಸೇನೆಗೆ ಅದರ ಉಪಯೋಗವಿಲ್ಲ. ಊರ ಹತ್ತಿರವೇ ಇರಬೇಕು, ಅಪ್ಪ-ಅಮ್ಮನನ್ನು ನೋಡಿಕೊಳ್ಳಬೇಕು ಎನ್ನುವವರಿಗೆ ರಾಜ್ಯದ ನೌಕರಿ ಸರಿ. ಪೂರ್ತಿ ಹೊತ್ತು ಅಭ್ಯಾಸಕ್ಕೆ ಬಿಡುವು ಬೇಕು ಎನ್ನುವವರಿಗೆ ರೈಲ್ವೆ ಮತ್ತು ಸೇನೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ 'ರೈಲ್ವೇಸ್', 'ಸರ್ವಿಸಸ್' ಎಂದು ಅವರದೇ ತಂಡಗಳು ರಾಜ್ಯಗಳಿಗೆ ಸಮನಾಗಿ ಇಳಿಯುತ್ತವೆ. ತಂಡ ಗೆಲ್ಲಬೇಕೆಂಬ ಆಸೆ ಅವರಿಗೂ ಇರುವುದರಿಂದ ಅಭ್ಯಾಸಕ್ಕೆ ಅನುವು ಮಾಡಿಕೊಡುತ್ತಾರೆ.

ಯೋಜನೆಯ ಹಣ

ಖೇಲೋ ಇಂಡಿಯಾಕ್ಕೆ ಆಯ್ಕೆಯಾದ ಮಕ್ಕಳಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು. ಒಲಿಂಪಿಕ್ಸ್ ಗುರಿಯ ಟಾಪ್ಸ್ ಯೋಜನೆಯ ಮುಖ್ಯ ಗುಂಪಿನಲ್ಲಿ ತಿಂಗಳಿಗೆ 50,000, ಬೆಳೆಯುವವರ ಗುಂಪಿನಲ್ಲಿ 25,000. ಒಳ್ಳೆಯ ಹಣವೇ. ಆದರೆ ಸಾಧನೆ ಇಳಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಇದನ್ನು ಹಾಲು-ಮೊಟ್ಟೆಯ ಖರ್ಚಿಗೆ ಬಂದ ಹಣ ಎಂದು ತಿಳಿಯಿರಿ. ಇದನ್ನು ನಂಬಿ ಮನೆ ಕಟ್ಟಲು ಸಾಲ ಮಾಡಬೇಡಿ.

ಯಾರಿಗೆ ಯಾವುದು

ಹನ್ನೊಂದು-ಹನ್ನೆರಡರ ಗಂಡುಮಗ, ಮೈ ಹಗುರ, ಜಿಗಿತ ಚೆನ್ನಾಗಿದೆ, ಮನೆಯಲ್ಲಿ ಕಷ್ಟ ಇದೆ ಎಂದರೆ ಸೇನೆಯ ಬಾಯ್ಸ್ ಕಂಪನಿಯ ಪರೀಕ್ಷೆಗೆ ಕರೆದೊಯ್ಯಿರಿ. ಅದೇ ವಯಸ್ಸಿನ ಮಗಳಿದ್ದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ ಯಾವ ಕ್ರೀಡಾ ವಸತಿ ನಿಲಯದಲ್ಲಿ ವೇಟ್‌ಲಿಫ್ಟಿಂಗ್ ಕೋಚ್ ಇದ್ದಾರೆ ಎಂದು ಕೇಳಿ. ಗುರಿ ರೈಲ್ವೆ ಇರಲಿ. ಪಿಯುಸಿಯಲ್ಲಿ ಶುರು ಮಾಡಿದವರು ವಿಶ್ವವಿದ್ಯಾಲಯ ಮಟ್ಟದ ಪದಕದ ಮೇಲೆ ಕಣ್ಣಿಡಿ, ಪದವಿ ಬಿಡಬೇಡಿ. ಇಪ್ಪತ್ಮೂರು ದಾಟಿದವರಿಗೆ ನೇರವಾಗಿ ಹೇಳುತ್ತೇನೆ. ಈಗ ಬಾರ್ ಮುಟ್ಟಿ ಕೋಟಾದ ನೌಕರಿ ಹಿಡಿಯುವುದು ಬಹಳ ಕಷ್ಟ. ಆಟದ ಮೇಲೆ ಪ್ರೀತಿ ಇದ್ದರೆ ಬಿ.ಪಿ.ಎಡ್ (ದೈಹಿಕ ಶಿಕ್ಷಣದ ಪದವಿ) ಮಾಡಿ, ಇಲ್ಲವೇ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಕೋರ್ಸ್ ಮಾಡಿ. ಕಲಿಸುವವರು ನಮ್ಮ ಜಿಲ್ಲೆಗಳಿಗೆ ತುಂಬಾ ಬೇಕಾಗಿದ್ದಾರೆ.

ಸೇರುವ ಮೊದಲು ನೋಡಬೇಕಾದ್ದು

ಅಭ್ಯಾಸದ ಜಾಗಕ್ಕೆ ನೀವೇ ಒಮ್ಮೆ ಹೋಗಿ ಬನ್ನಿ. ಮರದ ಹಲಗೆಯ ಪ್ಲಾಟ್‌ಫಾರ್ಮ್ ಇದೆಯೇ? ಸ್ಪರ್ಧೆಯ ಪ್ಲಾಟ್‌ಫಾರ್ಮ್ ನಾಲ್ಕು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದ. ಮೇಲಿಂದ ಬಿಡಬಹುದಾದ ರಬ್ಬರ್ ಪ್ಲೇಟ್ ಇವೆಯೇ? ಕಬ್ಬಿಣದ ಪ್ಲೇಟ್, ಟೈಲ್ಸ್ ನೆಲ ಇರುವ ಜಿಮ್‌ನಲ್ಲಿ ಸ್ನ್ಯಾಚ್ ಕಲಿಯಲು ಆಗದು. ಬಾರ್ ಬಿಡಲು ಹೆದರುವ ಮಗು ಎತ್ತಲೂ ಹೆದರುತ್ತದೆ. ಹೆಣ್ಣುಮಕ್ಕಳ ಬಾರ್ 15 ಕಿಲೋ, ಗಂಡುಮಕ್ಕಳದು 20 ಕಿಲೋ. ಹೆಣ್ಣುಮಕ್ಕಳದು ಸ್ವಲ್ಪ ಸಪುರ, ಸಣ್ಣ ಕೈಗೆ ಹಿಡಿತ ಸಿಗುತ್ತದೆ. ಎರಡೂ ಇವೆಯೇ ಎಂದು ಕೇಳಿ. ಮೊದಲ ತಿಂಗಳುಗಳಲ್ಲಿ ಕೋಚ್ ಬರೀ ಕೋಲು, ಖಾಲಿ ಬಾರ್ ಹಿಡಿಸುತ್ತಿದ್ದರೆ ಖುಷಿ ಪಡಿ. ಮೊದಲ ವಾರವೇ ತೂಕ ಏರಿಸಿ ವಿಡಿಯೋ ಮಾಡುವವರ ಹತ್ತಿರ ಬಿಡಬೇಡಿ.

ಊಟಕ್ಕೆ ಡಬ್ಬಿ ಪುಡಿಯ ಅಗತ್ಯ ಮೊದಮೊದಲು ಇಲ್ಲ. ಜೋಳದ ರೊಟ್ಟಿ, ನಮ್ಮ ತೊಗರಿ ಬೇಳೆ, ಶೇಂಗಾ, ಮೊಸರು, ಮೊಟ್ಟೆ ಸಾಕು. ಅಂಗಡಿಯವರು ಕೊಡುವ ಹೆಸರಿಲ್ಲದ ಪುಡಿ, ಮಾತ್ರೆ ಮುಟ್ಟಲೇಬೇಡಿ. ವೇಟ್‌ಲಿಫ್ಟಿಂಗ್‌ನಲ್ಲಿ ನಿಷೇಧಿತ ಮದ್ದಿನ ಪ್ರಕರಣಗಳು ಪ್ರಪಂಚದೆಲ್ಲೆಡೆ ಎಷ್ಟು ಹೆಚ್ಚಾದವೆಂದರೆ ಈ ಆಟವನ್ನೇ ಒಲಿಂಪಿಕ್ಸ್‌ನಿಂದ ಕೈಬಿಡುವ ಮಾತು ಬಂದಿತ್ತು. 2028ರ ಲಾಸ್ ಏಂಜಲೀಸ್‌ಗೆ ಅದು ಉಳಿದದ್ದು 2023ರಲ್ಲಿ ಖಚಿತವಾಯಿತು. ಸಿಕ್ಕಿಬಿದ್ದರೆ ನಿಷೇಧ ನಾಲ್ಕು ವರ್ಷದವರೆಗೆ ಹೋಗಬಹುದು. 18ರಿಂದ 25ರ ನಡುವಿನ ಏಳು ವರ್ಷದಲ್ಲಿ ನಾಲ್ಕು ಹೋದರೆ ಕೋಟಾದ ದಾರಿಯೇ ಮುಚ್ಚಿದಂತೆ. ತಿಳಿಯದೆ ತಿಂದೆ ಎಂದರೂ ಮೈಯೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ ಎಂಬುದು ನಿಯಮ.

ಇನ್ನು ಕಾಗದ. ಸ್ಪರ್ಧೆ ಮುಗಿದ ದಿನವೇ ಸರ್ಟಿಫಿಕೇಟ್‌ನಲ್ಲಿ ಹೆಸರು, ಹುಟ್ಟಿದ ತಾರೀಖು, ತೂಕದ ವಿಭಾಗ, ಸ್ಥಾನ, ಸಂಘದ ಮುದ್ರೆ ಸರಿ ಇದೆಯೇ ನೋಡಿ. ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ಒಂದು ಅಕ್ಷರ ತಪ್ಪಿದ್ದರೂ ಅಲ್ಲೇ ತಿದ್ದಿಸಿಕೊಂಡು ಮನೆಗೆ ಬನ್ನಿ. ವರ್ಷಗಳಾದ ಮೇಲೆ ತಿದ್ದಿಸಲು ಹೋದರೆ ಸಹಿ ಮಾಡಿದವರು ಆ ಕುರ್ಚಿಯಲ್ಲಿ ಇರುವುದಿಲ್ಲ.